ಯಲ್ಲವ್ವನ ಹೋಳಿಗೆ ಸುದ್ದಿಯಾದ ಬಗೆ

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳನ್ನು ಇಪ್ಪತ್ತೆರಡು ವರ್ಷ ಒಬ್ಬನೇ ಹೆಗಲ ಮೇಲೆ ಹೊತ್ತವನು ನಾನು. ಈಶಪ್ಪ ಬಂದ ಎಂದರೆ ಸಾಕು, ಮಳಗಿ ಬಸ್ ನಿಲ್ದಾಣದಲ್ಲಿ ಮಲಗಿದ್ದ ನಾಯಿಯೂ ಎದ್ದು ಮೈ ಕೊಡವಿ ಕೂರುತ್ತಿತ್ತು. ಚಿಗಳ್ಳಿಯಲ್ಲಿ ಎಮ್ಮೆ ಅವಳಿ ಕರು ಹಾಕಿದರೆ ಎಮ್ಮೆಗಿಂತ ಒಂದು ಗಳಿಗೆ ಮೊದಲು ನನಗೆ ಗೊತ್ತಾಗುತ್ತಿತ್ತು. ತೇರಗಾಂವದಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಬೇಕೆಂದು ನಿಶ್ಚಯಿಸಿದರೆ, ನಾನು ಬಂದು ಪೆನ್ನಿನ ಮುಚ್ಚಳ ತೆಗೆಯುವವರೆಗೆ ಬಡಿಗೆ ಎತ್ತುತ್ತಿರಲಿಲ್ಲ. ಇದರಲ್ಲಿ ಸುಳ್ಳೇನಿಲ್ಲ. ಇದ್ದರೂ ಅರ್ಧ.

ಹುಬ್ಬಳ್ಳಿಯಿಂದ ಬರುವ ಒಂದು ದಿನಪತ್ರಿಕೆಗೆ ನಾನು ಅರೆಕಾಲಿಕ ವರದಿಗಾರ. ಅರೆಕಾಲಿಕ ಎನ್ನುವುದು ಸಂಬಳಕ್ಕೆ ಸಂಬಂಧಪಟ್ಟ ಮಾತು, ಕೆಲಸಕ್ಕಲ್ಲ.

ನಮ್ಮ ಕಸುಬಿನ ಒಂದು ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ಕೆಟ್ಟದ್ದೆಲ್ಲ ಆದದ್ದು ಅದರಿಂದಲೇ. ನಮ್ಮ ಕಡೆಯ ಸುದ್ದಿಯಲ್ಲಿ ಇದ್ದ ಸಂಖ್ಯೆಯನ್ನು ಇದ್ದಂತೆ ಬರೆದರೆ ಹುಬ್ಬಳ್ಳಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. 'ನಲವತ್ತು ಮಂದಿ ಸೇರಿದ್ದರು' ಎಂದರೆ ಸುದ್ದಿ ನೇರ ಬುಟ್ಟಿಗೆ. ಅದಕ್ಕೇ ನಾನು ನಾನೂರು ಎಂದು ಬರೆಯುತ್ತಿದ್ದೆ. ಅಲ್ಲಿ ಶಾಂತಾದೇವಿ ಎಂಬ ಉಪಸಂಪಾದಕಿ ಇದ್ದರು. ಅವರು ನನ್ನ ಬರಹ ಕೈಗೆತ್ತಿಕೊಂಡವರೇ, ಜೋಳದಲ್ಲಿ ಹರಳು ಆರಿಸಿದಂತೆ, ಪ್ರತಿ ಅಂಕಿಯಿಂದ ಒಂದೊಂದು ಸೊನ್ನೆ ಆರಿಸಿ ತೆಗೆದು ಅಚ್ಚಿಗೆ ಕಳಿಸುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ನಲವತ್ತೇ ಇರುತ್ತಿತ್ತು. ನಾನು ಏರಿಸುವುದು, ಅವರು ಇಳಿಸುವುದು. ನಡುವೆ ಸತ್ಯ ತನ್ನ ಪಾಡಿಗೆ ತಾನು ಅಚ್ಚಾಗುತ್ತಿತ್ತು. ಅನುಮಾನ ಬಂದರೆ ಮಾತ್ರ ಫೋನು.

"ಈಶಪ್ಪ, ಮುಂಡಗೋಡ ಕುಸ್ತಿಗೆ ಎಂಟು ಸಾವಿರ ಮಂದಿ ಬಂದಿದ್ರು ಅಂತ ಬರದೀರಿ. ಆ ಮೈದಾನದಾಗ ಎಂಟು ಸಾವಿರ ಕೋಳಿ ಹಿಡೀತಾವೇನು?"

"ಗಿಡದ ಮ್ಯಾಲೂ ಕುಂತಿದ್ರು ಮೇಡಮ್."

"ಗಿಡ ಎಷ್ಟಿದ್ವು?"

"ಒಂದ."

"ಎಂಟು ನೂರು ಮಾಡ್ತೇನಿ. ಇಡ್ರಿ ಫೋನು."

ಇಪ್ಪತ್ತೆರಡು ವರ್ಷದಲ್ಲಿ ನಾನು ಶಾಂತಾದೇವಿಯವರ ಮುಖ ನೋಡಿದ್ದು ಎರಡು ಸಲ. ಆದರೂ ನನ್ನನ್ನು ಅವರಷ್ಟು ಬಲ್ಲವರು ಈ ಭೂಮಂಡಲದಲ್ಲಿ ಇಲ್ಲ.

ಹೋದ ಯುಗಾದಿಗೆ ನಮ್ಮ ನಾಲ್ಕು ತಾಲೂಕಿನ ಪುಟ ನಿಂತಿತು. ಏಷ್ಯಾ ಖಂಡಕ್ಕೆಲ್ಲ ಕಾಗದ ಒದಗಿಸುವ ಊರು ನಮ್ಮದು. ನಮ್ಮ ಸುದ್ದಿಗೆ ಮಾತ್ರ ಕಾಗದ ಸಾಲದೇ ಹೋಯಿತು. ಇನ್ನು ಮೇಲೆ ಸ್ಥಳೀಯ ಸುದ್ದಿ ಎಲ್ಲ ಆ್ಯಪ್‌ನಲ್ಲಿ ಎಂದು ಹುಬ್ಬಳ್ಳಿಗೆ ಕರೆಸಿ ಒಂದು ತಾಸು ತರಬೇತಿ ಕೊಟ್ಟರು. ಐಶ್ವರ್ಯಾ ಎಂಬ ಚುರುಕು ಹುಡುಗಿ ಗೋಡೆಯ ಮೇಲೆ ಚಿತ್ರ ತೋರಿಸುತ್ತ ಹೇಳಿದಳು: ನಾವು ಕಳಿಸಿದ ಸುದ್ದಿಯಿಂದ ಮುಖ್ಯವಾದದ್ದನ್ನು ಯಂತ್ರವೇ ಆರಿಸುತ್ತದೆ, ತಲೆಬರಹವನ್ನೂ ಅದೇ ಕೊಡುತ್ತದೆ, ಯಾರಿಗೆ ಯಾವುದು ಹಿಡಿಸುತ್ತದೆಂದು ನೋಡಿ ಅವರವರ ಫೋನಿಗೆ ಕಳಿಸುತ್ತದೆ. ನನಗೆ ಅರ್ಧವೇ ಕೇಳಿಸಿತು. ಆ ಹೊತ್ತಿನಲ್ಲಿ ನಾನು ಪಕ್ಕದ ಕುರ್ಚಿಯವನಿಗೆ, ಕುಳಗಿ ಕಾಡಿನಲ್ಲಿ ಹುಲಿಯೊಂದು ನನ್ನನ್ನು ಗುರುತು ಹಿಡಿದು ದಾರಿ ಬಿಟ್ಟ ಪ್ರಸಂಗ ಹೇಳುತ್ತಿದ್ದೆ.

ಡೆಸ್ಕು ಇರುವುದಿಲ್ಲ ಎಂಬ ಮಾತು ಆ ಕೇಳಿಸದ ಅರ್ಧದಲ್ಲಿತ್ತು. ಆಮೇಲೆ ನಾನು ಕಳಿಸಿದ ಹತ್ತಾರು ಸುದ್ದಿಗಳನ್ನು ಯಾರೂ ಓದಲಿಲ್ಲವಾದ್ದರಿಂದ ಅದರ ಕುರುಹೂ ಸಿಗಲಿಲ್ಲ.

ಈಗ ಯಲ್ಲವ್ವನ ವಿಷಯ. ಬೈಲಹೊಂಗಲ ಕಡೆಯಿಂದ ಗಂಡನ ಜೊತೆ ದಾಂಡೇಲಿಗೆ ಬಂದವಳು. ಗಂಡ ಕಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅವನು ತೀರಿಕೊಂಡ ಮೇಲೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ತಗಡಿನ ಸೂರು ಹಾಕಿ ಖಾನಾವಳಿ ತೆರೆದಳು. ಹದಿನಾಲ್ಕು ವರ್ಷವಾಯಿತು. ಅವಳ ರೊಟ್ಟಿ ಎಷ್ಟು ತೆಳು ಎಂದರೆ, ಪತ್ರಿಕೆಯ ಮೇಲೆ ಹಾಸಿದರೆ ನನ್ನ ವರದಿಯನ್ನು ಅದರ ಮೂಲಕ ಓದಬಹುದು. ನಾನೇ ಓದಿದ್ದೇನೆ.

ಎರಡು ವರ್ಷದಿಂದ ಗುತ್ತಿಗೆ ಕೂಲಿಗಳು ಕಡಿಮೆಯಾಗಿದ್ದರು, ಊಟಕ್ಕೆ ಬರುವವರು ಅದಕ್ಕಿಂತ ಕಡಿಮೆ. ಆದರೆ ಪ್ರತಿ ವರ್ಷ ಹತ್ತು ದಿನ ಕಾರ್ಖಾನೆಯ ಯಂತ್ರಗಳನ್ನು ನಿಲ್ಲಿಸಿ ಬಿಚ್ಚಿ ತೊಳೆಯುತ್ತಾರೆ, ಶಟ್‌ಡೌನ್ ಎನ್ನುತ್ತಾರೆ. ಆಗ ಹೊರಗಿನಿಂದ ಇನ್ನೂರು ಜನ ಫಿಟ್ಟರು, ವೆಲ್ಡರುಗಳು ಬಂದು ಇಳಿಯುತ್ತಾರೆ. ಅವರನ್ನು ಕರೆಸುವ ಗುತ್ತಿಗೆದಾರ ಉದಯಕುಮಾರ. ಆ ಇನ್ನೂರು ಜನರ ಊಟ ಪ್ರತಿ ಸಲ ಧಾರವಾಡದಿಂದ ಟೆಂಪೊದಲ್ಲಿ ಬರುತ್ತಿತ್ತು.

"ಈ ಸಲ ನನಗ ಕೊಡ್ರಿ ಅಂತ ಕೇಳೇನ್ರಿ," ಎಂದಳು ಯಲ್ಲವ್ವ, ನನ್ನ ತಾಟಿಗೆ ಝುಣಕ ಬಡಿಸುತ್ತ. "ನೋಡೂಣು ಅಂದಾರ. ಅವರು ದಿನಾ ಸುದ್ದಿ ಓದೂ ಮನಷ್ಯಾ. ನನ್ನ ಖಾನಾವಳಿ ಬಗ್ಗೆ ಎರಡ ಸಾಲು ಬಂತಂದ್ರ ಅವರ ಮನಸ ಗಟ್ಟಿ ಆಕ್ಕೇತಿ."

"ಎರಡ ಸಾಲೇನು, ಎರಡ ಪುಟ ಬರೀತೇನಿ. ದಿಲ್ಲಿಯವರು ರೊಟ್ಟಿ ತಿನ್ನಾಕ ರೈಲು ಹತ್ತಬೇಕು."

"ದಿಲ್ಲಿ ಬ್ಯಾಡ್ರಿ. ಉದಯಕುಮಾರ ಸಾಹೇಬ್ರು ಓದಿದ್ರ ಸಾಕು. ಆ ಹತ್ತ ದಿನ ಸಿಕ್ಕರ ಮುಂದಿನ ವರ್ಷಾನೂ ಒಲಿ ಉರೀತೈತಿ. ಇಲ್ಲಂದ್ರ ಬಾಗಲಾ ಹಾಕೂದ."

ಅವಳು ಅದನ್ನು ಅಳುತ್ತ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು.

ಸುದ್ದಿಗೊಂದು ನೆಪ ಬೇಕಲ್ಲ. ಅಮಾಸಿಯ ದಿನ ಅವಳು ಹೋಳಿಗೆ ಮಾಡುತ್ತಾಳೆ. ಆ ಅಮಾಸಿಗೆ ನೀಲಗಿರಿ ದಿಮ್ಮಿ ಇಳಿಸುವ ಬಾಳೇಶ ಮತ್ತು ಹಳಿಯಾಳ ಕಡೆಯ ಮರಾಠ ಜ್ಯೋತಿಬಾ, ಇಬ್ಬರಿಗೂ ನಾನೇ ಹೋಳಿಗೆ ತಿನ್ನುವ ಪಂದ್ಯ ಹಚ್ಚಿದೆ. ನಾನೇ ಪಂಚ.

"ಈ ಬಾಳ್ಯಾ ಹತ್ತಕ್ಕ ಕಣ್ಣ ತೇಲಸ್ತಾನು," ಎಂದ ಜ್ಯೋತಿಬಾ.

"ಹತ್ತು ನಮ್ಮನ್ಯಾಗ ಬಾಯಿ ತೊಳ್ಕೊಳ್ಳೂದ್ಕಿಂತ ಮೊದಲ ತಿಂತೇನಿ. ತುಪ್ಪಾ ಹಾಕ ಯಲ್ಲವ್ವಕ್ಕ, ಅಳತಿ ನೋಡಬ್ಯಾಡ."

ಬಾಳೇಶ ಹತ್ತೊಂಬತ್ತು ತಿಂದ. ಜ್ಯೋತಿಬಾ ಹದಿನೇಳಕ್ಕೆ ಕೈ ಎತ್ತಿದ. ಆಮೇಲೆ ಇಬ್ಬರೂ ದಿಮ್ಮಿಗಳ ಹಾಗೆಯೇ ಅಡ್ಡಾದರು. ಉಸಿರು ಸಿಕ್ಕುತ್ತಿಲ್ಲವೆಂದು ಆಸ್ಪತ್ರೆಗೆ ಕರೆದೊಯ್ದರೆ, ಡಾಕ್ಟರು ಒಂದೊಂದು ಸಲೈನ್ ಹಾಕಿ, ಎರಡೆರಡು ಬೈಗುಳ ಬೈದು, ಮಧ್ಯಾಹ್ನದೊಳಗೆ ಮನೆಗೆ ಕಳಿಸಿದರು. ಬಾಳೇಶ ಗೆದ್ದ ಖುಷಿಯಲ್ಲಿ ಕೈಯ ಹತ್ತಿಪಟ್ಟಿಯನ್ನು ಎರಡು ದಿನ ತೆಗೆಯಲಿಲ್ಲ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ನಾನು ಫೋನಿನಲ್ಲಿ ಬರೆದೆ. ನನ್ನ ಜೀವಮಾನದ ಅತ್ಯುತ್ತಮ ವರದಿ ಅದು. ಯಲ್ಲವ್ವನ ಕೈರುಚಿಗೆ ಕಾಳಿ ನದಿ ಹರಿಯುವುದನ್ನು ಮರೆತು ನಿಂತಿತು ಎಂದು ಶುರುಮಾಡಿದೆ. ಪಂದ್ಯದಲ್ಲಿ ವಿಜೇತರು ತಿಂದದ್ದು ನೂರ ತೊಂಬತ್ತು ಹೋಳಿಗೆ ಎಂದೆ. ರುಚಿಯ ಆನಂದ ತಾಳಲಾರದೆ ಇಪ್ಪತ್ತು ಮಂದಿ ಆಸ್ಪತ್ರೆ ಸೇರಿ ಸಲೈನ್ ಹಾಕಿಸಿಕೊಳ್ಳಬೇಕಾಯಿತು ಎಂದು ಮುಗಿಸಿದೆ. ಹರಿವಾಣ ಹಿಡಿದು ನಗುತ್ತಿರುವ ಯಲ್ಲವ್ವನ ಫೋಟೋ ಲಗತ್ತಿಸಿದೆ. ಎರಡು ಮಂದಿಗೆ ಒಂದು ಸೊನ್ನೆ ಹಾಕುವಾಗ ನನ್ನ ಕೈ ಎಷ್ಟು ನಿಶ್ಚಿಂತೆಯಿಂದಿತ್ತು ಎಂದರೆ, ಹುಬ್ಬಳ್ಳಿಯಲ್ಲಿ ಶಾಂತಾದೇವಿ ಪೆನ್ನು ಎತ್ತುವುದು ನನಗೆ ಕಾಣುತ್ತಿತ್ತು.

ಸಂಜೆ ಐದಕ್ಕೆ ಚಹಾದ ಅಂಗಡಿಯಲ್ಲಿದ್ದೆ. ಒಮ್ಮೆಗೇ ಎಲ್ಲರ ಜೇಬು ಕೂಗಿದವು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸುದ್ದಿಗೆ ಇಡೀ ಅಂಗಡಿ ಏಕಕಾಲಕ್ಕೆ ತಲೆ ಬಗ್ಗಿಸಿದ್ದು ಅದೇ ಮೊದಲು.

"ಈಶಪ್ಪನವರ, ನಿಮ್ಮ ಹೆಸರ ಐತೆಲ್ಲ ಇದರಾಗ," ಎಂದ ಅಂಗಡಿಯವನು.

"ನಂದ ಸುದ್ದಿ," ಎಂದೆ, ಮೀಸೆ ತಿರುವಿ. "ಇನ್ನೂ ನೋಡ್ರಿ, ಮುಂಬೈ ತನಕ ಹೋಕ್ಕೇತಿ."

"ಹೌದ ಮತ್ತ. ಛೀ, ಮೊನ್ನೆ ತಾನ ಅಲ್ಲೆ ಉಂಡ ಬಂದೆ."

ಆಗ ನಾನೂ ಓದಿದೆ. 'ದಾಂಡೇಲಿ: ಖಾನಾವಳಿಯಲ್ಲಿ ಹೋಳಿಗೆ ತಿಂದ 20 ಮಂದಿ ಆಸ್ಪತ್ರೆಗೆ.' ಕೆಳಗೆ ಯಲ್ಲವ್ವ ನಗುತ್ತಿದ್ದಳು. ಆ ತಲೆಬರಹದ ಕೆಳಗೆ ಆ ನಗು ವಿಷ ಹಾಕಿದವಳ ನಗುವಿನಂತೆ ಕಾಣುತ್ತಿತ್ತು. ನಿಂತ ನದಿ ಎಲ್ಲೂ ಇರಲಿಲ್ಲ, ಪಂದ್ಯ ಇರಲಿಲ್ಲ. ನೂರ ತೊಂಬತ್ತು ಹೋಳಿಗೆಯನ್ನು ಯಂತ್ರ ನಂಬಿರಲಿಲ್ಲ. ಇಪ್ಪತ್ತು ಮಂದಿಯನ್ನು ನಂಬಿತ್ತು.

ಶಾಂತಾದೇವಿಯವರಿಗೆ ಫೋನು ಮಾಡಿದೆ.

"ಮೇಡಮ್, ಲಗೂನ ಆ ಇಪ್ಪತ್ತರಾಗಿಂದ ಒಂದು ಸೊನ್ನಿ ತೆಗೀರಿ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. "ಈಶಪ್ಪ, ನನ್ನ ತೆಗದು ಏಳು ತಿಂಗಳಾತು," ಎಂದರು. "ಡೆಸ್ಕಿನಾಗ ಇದ್ದ ಎಲ್ಲಾರನ್ನೂ ತೆಗದ್ರು. ನಿಮಗ ಗೊತ್ತಿಲ್ಲೇನು?"

"ಹಂಗಾದ್ರ ಈಗ ಯಾರು ನೋಡ್ತಾರ?"

"ಯಾರೂ ನೋಡೂದಿಲ್ಲ." ಒಲೆಯ ಗುಂಡಿ ತಿರುವಿದ ಸದ್ದು ಬಂತು. "ತಪ್ಪು ನಂದೂ ಐತ್ರಿ. ಇಪ್ಪತ್ತೆರಡು ವರ್ಷ ತಿದ್ದಿ ತಿದ್ದಿ ಹಾಕಿದೆ. ಒಮ್ಮೆರ ನೀವು ಬರದದ್ದ ಹಂಗ ಬಿಟ್ಟಿದ್ರ ಅವತ್ತ ನಿಮಗ ಬುದ್ಧಿ ಬರತಿತ್ತು."

ಆ್ಯಪ್‌ನಲ್ಲಿ ಸಹಾಯ ಎಂಬ ಗುಂಡಿ ಇತ್ತು. ಒತ್ತಿದೆ. 'ನಮಸ್ಕಾರ, ನಿಮ್ಮ ತೊಂದರೆ ನಮಗೆ ಅರ್ಥವಾಗಿದೆ' ಎಂದಿತು, ನಾನು ತೊಂದರೆ ಹೇಳುವ ಮೊದಲೇ. ಅಳಿಸಿ ಎಂದು ಬರೆದೆ. 'ಹೆಚ್ಚು ಓದುಗರನ್ನು ಪಡೆಯುತ್ತಿರುವ ಸುದ್ದಿಯನ್ನು ಅಳಿಸಲು ಪರಿಶೀಲನೆ ಅಗತ್ಯ. ಹತ್ತು ದಿನ ಕಾಯಿರಿ.' ಶಟ್‌ಡೌನಿಗೆ ಎಂಟು ದಿನ ಉಳಿದಿತ್ತು. ಐಶ್ವರ್ಯಾಳ ನಂಬರಿಗೆ ಮಾಡಿದೆ. ಅವಳು ಪಾಪ, ಬೇರೆ ಕಂಪನಿ ಸೇರಿ ಮೂರು ತಿಂಗಳಾಗಿತ್ತು. ಆದರೂ ಸಮಾಧಾನದಿಂದ, "ಸರ್, ಅದನ್ನ ಪದೇ ಪದೇ ತಗದ ನೋಡಬ್ಯಾಡ್ರಿ, ನೋಡಿದಷ್ಟೂ ಮ್ಯಾಲೆ ಬರ್ತೈತಿ," ಎಂದಳು. ಅಷ್ಟರಲ್ಲಿ, ಹೋಯಿತೇ ಇದೆಯೇ ಎಂದು ನಾನೊಬ್ಬನೇ ನಾಲ್ಕುನೂರು ಸಲ ತೆಗೆದು ನೋಡಿದ್ದೆ. ಇದು ನಿಜವಾದ ನಾಲ್ಕುನೂರು.

ಮಾರನೆಯ ದಿನ ಖಾನಾವಳಿಗೆ ಹೋದೆ. ಹತ್ತು ಗಂಟೆ. ಬೆಂಚುಗಳು ಖಾಲಿ. ಯಲ್ಲವ್ವ ರೊಟ್ಟಿ ತಟ್ಟುತ್ತಿದ್ದಳು.

"ಇಪ್ಪತ್ತು ಅಂತ ಯಾಕ ಬರದ್ರಿ?" ಎಂದಳು, ತಲೆ ಎತ್ತದೆ.

"ಅವರು ಎರಡು ಮಾಡ್ತಾರ ಅಂತ ಬರದೆ ಯಲ್ಲವ್ವ."

"ಯಾರು?"

ನಾನು ಖಾಲಿ ಬೆಂಚಿನ ತುದಿಯಲ್ಲಿ ಕೂತೆ.

"ನಾ ಸಾರಿಗೆ ಉಪ್ಪು ಹಾಕೂ ಮುಂದ, ಹಿಂದಿಂದ ಯಾರೋ ಬಂದು ತಗೀತಾರ ಅಂತ ಮುಷ್ಟಿಗಟ್ಲೆ ಹಾಕ್ತೇನೇನ್ರಿ?" ಎಂದಳು. ಬೈಗುಳವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಹತ್ತು ಸಾವಿರ ಸಭೆಗಳಲ್ಲಿ ಮಾತಾಡಿದ ನಾನು ಜೇಬಿನಿಂದ ಫೋನು ತೆಗೆದೆ.

ಅಲ್ಲಿಯೇ ಕೂತು ಜೀವನದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದಂತೆ ಬರೆದೆ. ಇಬ್ಬರೇ, ಅತಿಯಾಗಿ ತಿಂದದ್ದರಿಂದ, ಎರಡು ತಾಸಿನಲ್ಲಿ ಮನೆಗೆ, ಹಿಂದಿನ ವರದಿಯ ತಪ್ಪು ನನ್ನದು. ಬರೆದು ಮುಗಿಸುವಷ್ಟರಲ್ಲಿ ಅಂಗಿ ಬೆವರಿನಲ್ಲಿ ನೆನೆದಿತ್ತು. ಸಂಜೆ ನೋಡಿದರೆ ಅದನ್ನು ಓದಿದವರು ಹನ್ನೊಂದು ಜನ. ಮೊದಲಿನದನ್ನು ಓದಿದವರು ಎರಡು ಲಕ್ಷ ಹದಿನಾಲ್ಕು ಸಾವಿರ. ನನ್ನ ಇಪ್ಪತ್ತನ್ನು ಬೆಳಗಾವಿಯ ಯಾವನೋ ತನ್ನ ವಿಡಿಯೋದಲ್ಲಿ ಅರವತ್ತು ಮಾಡಿದ್ದ. ಉತ್ಪ್ರೇಕ್ಷೆಯಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲವೆಂದು ತಿಳಿದಿದ್ದೆ.

ಬಾಳೇಶ ತಾನಾಗಿ ಬಂದ. "ನಾ ಸಾಯಲಿಲ್ಲ ಅನ್ನೂದಕ್ಕ ನನಕಿಂತ ಸಾಕ್ಷಿ ಬೇಕೇನು? ವಿಡಿಯೋ ಹಿಡೀರಿ," ಎಂದ. ಹಿಡಿದೆ. ಖಾನಾವಳಿಯ ಬೆಂಚಿನ ಮೇಲೆ ಕೂತು, "ನಾನ ಬಾಳೇಶ, ಗುಂಡುಕಲ್ಲ ಇದ್ದಂಗ ಇದೀನಿ, ಯಲ್ಲವ್ವಕ್ಕನ ಹೋಳಿಗಿ ಅಮೃತ ಐತಿ," ಎಂದು ಒಂದು ಹೋಳಿಗೆ ಬಾಯಿಗಿಟ್ಟ. ಎದುರಿಗೆ ಫೋನು ಇದ್ದ ಗಾಬರಿಗೆ ಅದು ಗಂಟಲಲ್ಲಿ ಸಿಕ್ಕಿ ಕೆಮ್ಮಿದ. ಕೆಮ್ಮು ಕತ್ತರಿಸಿ ಕಳಿಸಲು ನನಗೆ ಬರುವುದಿಲ್ಲ. ಯಂತ್ರಕ್ಕೆ ಆ ಕೆಮ್ಮೇ ಹಿಡಿಸಿತು. 'ಹೋಳಿಗೆ ಪ್ರಕರಣ: ಬದುಕುಳಿದ ಕಾರ್ಮಿಕ ಹೇಳಿದ್ದೇನು?'

"ಬದುಕುಳಿದ ಅಂದ್ರ, ಸತ್ತವರು ಯಾರ್ರಿ?" ಎಂದು ಬಾಳೇಶನ ಹೆಂಡತಿಯೇ ನನಗೆ ಫೋನು ಮಾಡಿ ಕೇಳಿದಳು.

ನಾಲ್ಕನೆಯ ದಿನ ಆಹಾರ ಸುರಕ್ಷತಾ ಇಲಾಖೆಯಿಂದ ಒಬ್ಬರು ಬಂದು ಬೇಳೆ, ಬೆಲ್ಲ, ನೀರು ಸೀಸೆಯಲ್ಲಿ ತುಂಬಿಕೊಂಡರು. ಸಭ್ಯ ಮನುಷ್ಯ. ಏನೂ ದೋಷ ಕಾಣುವುದಿಲ್ಲ, ಆದರೆ ವರದಿ ಬರಲು ಹದಿನಾಲ್ಕು ದಿನ ಎಂದರು. ಅದೇ ದಿನ ಆ್ಯಪ್‌ನಿಂದ ನನಗೊಂದು ಸಂದೇಶ ಬಂತು, ಹೂವಿನ ಚಿತ್ರದ ಸಮೇತ: ಈ ತಿಂಗಳು ಜಿಲ್ಲೆಯಲ್ಲಿ ಅತಿ ಹೆಚ್ಚು ಓದಿಸಿಕೊಂಡ ವರದಿಗಾರ ನಾನು, ಇಂಥವೇ ಇನ್ನಷ್ಟು ಕಳಿಸಬೇಕು. ಆ ಮಾತಿಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದೆ. ಯಾರಿಗೂ ತೋರಿಸಲಿಲ್ಲ.

ಉಳಿದದ್ದು ಉದಯಕುಮಾರ. ಅವನ ಆಫೀಸಿಗೆ ಹೋಗಿ, ನಿಂತೇ ಹೇಳಿದೆ.

"ನಾ ಬರದದ್ದು ಸುಳ್ಳು. ಊಟದ ಆರ್ಡರ್ ಆಕೀಗೆ ಕೊಡ್ರಿ."

"ಕುಂಡ್ರಿ ಈಶಪ್ಪನವರ," ಎಂದ. "ನೀವು ಬರದದ್ದು ಸುಳ್ಳ ಅಂತ ನನಗ ಗೊತ್ತೈತಿ. ಭಾಳ ವರ್ಷದಿಂದ ಗೊತ್ತೈತಿ. ಮೊನ್ನೆ ರಾತ್ರಿ ಊಟಾನೂ ಆಕೀ ಕಡೆಯಿಂದನ ತರಿಸಿದ್ದೆ."

"ಮತ್ತ?"

ಅವನು ಫೋನು ತಿರುಗಿಸಿ ತೋರಿಸಿದ. ಹಿಂದಿಯಲ್ಲಿತ್ತು. ಅದೇ ಇಪ್ಪತ್ತು, ಅದೇ ಯಲ್ಲವ್ವನ ನಗು. "ನನ್ನ ವೆಲ್ಡರು ಭಿಲಾಯಿಂದ ಬರ್ತಾರ. ಅವರ ಹುಡುಗೂರ ಇದನ್ನ ನನಗ ಕಳಿಸಿ, ಸೇಠ್, ಅಲ್ಲಿ ಊಟ ಎಲ್ಲಿಂದ ಅಂತ ಕೇಳ್ಯಾರ. ನಾ ಏನ ಹೇಳ್ಲಿ? ನಮ್ಮ ಈಶಪ್ಪ ಒಂದ ಸೊನ್ನಿ ಹೆಚ್ಚಿಗಿ ಬರೀತಾನು ಅಂತ ಹಿಂದಿಯೊಳಗ ಹೆಂಗ ತಿಳಿಸಿ ಹೇಳ್ಲಿ?"

"ತಪ್ಪಾತು ಅಂತ ಬರದೇನಿ. ಹಾಕ್ಯಾರ."

"ಪೇಪರಿನಾಗ ಬಂದಿದ್ರ ಮರುದಿನ ಅದ ಜಾಗಾದಾಗ ತಪ್ಪಾತು ಅಂತ ಬರತಿತ್ತು, ನಿನ್ನಿ ಪೇಪರಿನಾಗ ಭಜಿ ಕಟ್ಟತಿದ್ರು, ಮುಗೀತಿತ್ತು. ಇದಕ್ಕ ಮರುದಿನ ಅನ್ನೂದ ಇಲ್ಲಲ್ಲ ಮಾರಾಯ್ರ." ಅವನು ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟ. "ಧಾರವಾಡದವರಿಗೆ ನಿನ್ನೆನ ಹೇಳಿಬಿಟ್ಟೆ. ಆಕೀಗೆ ನೀವ ತಿಳಸ್ರಿ. ನನಗ ಆಗೂದಿಲ್ಲ."

ನನಗೂ ಆಗಲಿಲ್ಲ. ಮೂರು ದಿನ ಆ ರಸ್ತೆ ತಪ್ಪಿಸಿ ತಿರುಗಾಡಿದೆ. ಶಟ್‌ಡೌನಿನ ಮೊದಲ ದಿನ ಹೋಗದೇ ಇರಲಾಗಲಿಲ್ಲ. ಯಲ್ಲವ್ವ ಬಾಗಿಲು ತೆರೆದಿದ್ದಳು. ನಲವತ್ತು ಜನಕ್ಕಾಗುವಷ್ಟು ರೊಟ್ಟಿ ಬಡಿದು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದಳು. ಕಾರ್ಖಾನೆಯ ಗಡಗಡ ಸದ್ದು ನಿಂತಿತ್ತು; ಊರಿಗೆ ಒಮ್ಮೆಗೇ ಕಿವುಡು ಬಂದ ಹಾಗಿತ್ತು. ಹನ್ನೊಂದೂವರೆಗೆ ಧಾರವಾಡದ ಟೆಂಪೊ ನಮ್ಮ ಮುಂದೆಯೇ ಹಾದುಹೋಯಿತು. ಸಾಂಬಾರಿನ ವಾಸನೆ ಬಂತು.

"ಬ್ಯಾಳಿ ಹಳಸೇತಿ," ಎಂದಳು ಯಲ್ಲವ್ವ, ವಾಸನೆ ಹಿಡಿದು. "ಬೆಳಗಿನ ನಾಕಕ್ಕ ಮಾಡಿ ಮುಚ್ಚಿಟ್ಟಾರ."

ಆಗಲೇ ಅವಳಿಗೆ ಎಲ್ಲ ಗೊತ್ತಿತ್ತು. ನಾನು ಹೇಳಬೇಕಾದದ್ದೇನೂ ಉಳಿದಿರಲಿಲ್ಲ.

ಒಂದು ಗಂಟೆಗೆ ಕಾರೊಂದು ಬಂದು ನಿಂತಿತು. ನದಿಯಲ್ಲಿ ದೋಣಿಯಾಟಕ್ಕೆ ಬಂದ ಐದು ಜನ, ಬೆಂಗಳೂರಿನ ಕಡೆಯವರು. ಇಳಿದು, ಫೋನು ನೋಡಿ, ಬೋರ್ಡು ನೋಡಿ, "ಇದೇ, ಇದೇ" ಎಂದರು. ಯಲ್ಲವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಬರ್ರಿ, ಒಳಗ ಬರ್ರಿ. ಬಿಸಿ ಪಲ್ಯಾ ಐತಿ, ಶೇಂಗಾ ಹಿಂಡಿ ಐತಿ."

"ಊಟ ಬೇಡ ಆಂಟಿ," ಎಂದಳು ಕಪ್ಪು ಕನ್ನಡಕದ ಹುಡುಗಿ. "ಬರೀ ಒಂದು ಫೋಟೋ ತಗೋತೀವಿ." ಆಮೇಲೆ ನನ್ನ ಕಡೆ ತಿರುಗಿ ಫೋನು ಚಾಚಿದಳು. "ಅಂಕಲ್, ನೀವು ತೆಗೀತೀರಾ? ಬೋರ್ಡ್ ಪೂರ್ತಿ ಬರ್ಲಿ."

ಐವರೂ ಬೋರ್ಡಿನ ಕೆಳಗೆ ನಿಂತರು. ಒಬ್ಬ ಹೊಟ್ಟೆ ಹಿಡಿದುಕೊಂಡು ನಾಲಿಗೆ ಹೊರಚಾಚಿದ. ಇನ್ನೊಬ್ಬ, "ಆಂಟಿ, ನೀವೂ ಬನ್ನಿ, ಮಧ್ಯದಲ್ಲಿ ನಿಲ್ಲಿ," ಎಂದ.

ಯಲ್ಲವ್ವ ನನ್ನ ಮುಖ ನೋಡಿದಳು. "ನಿಲ್ಲಬೇಕೇನ್ರಿ ಈಶಪ್ಪನವರ?"

ಬೇಡ ಎನ್ನಬಹುದಿತ್ತು. ಆ ಫೋನನ್ನು ಕಾಳಿ ನದಿಗೆ ಎಸೆಯಬಹುದಿತ್ತು. ನನ್ನ ತೋಳಿಗೆ ಅಷ್ಟು ಬಲವಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಎಸೆದರೆ ಅದೂ ಸುದ್ದಿಯಾಗುತ್ತಿತ್ತು, ಮತ್ತೆ ಅವಳ ನಗುವ ಫೋಟೋ ಮೇಲೆ ಬರುತ್ತಿತ್ತು. ನಾನು ಫೋನನ್ನು ಕಣ್ಣೆದುರು ಎತ್ತಿ ಹಿಡಿದೆ. ಅವಳು ಹೋಗಿ ನಡುವೆ ನಿಂತಳು, ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಕಟ್ಟಿಕೊಂಡಳು. ಒತ್ತಿದೆ.

"ಇನ್ನೊಂದು, ಅಂಕಲ್."

ಇನ್ನೊಂದು ಒತ್ತಿದೆ.

ಕಾರು ನದಿಯ ಕಡೆಗೆ ಹೋಯಿತು. ಯಲ್ಲವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು, ಉರಿಯುತ್ತಿದ್ದ ಕಟ್ಟಿಗೆಗಳನ್ನು ಒಂದೊಂದಾಗಿ ಹಿಂದಕ್ಕೆಳೆದು, ಅವುಗಳ ಮೇಲೆ ನೀರು ಚಿಮುಕಿಸತೊಡಗಿದಳು.